ಬಾಗಿ ಕೊಡದ ಬೆರಳು

ಗಂಗೊಳ್ಳಿಯ ಮೀನು ಬಂದರಿನ ದಕ್ಕೆಯಲ್ಲಿ ಬೆಳಗಿನ ಏಲಂ ಮುಗಿದು, ಹೆಂಗಸರು ತಂತಮ್ಮ ಪಾಲಿನ ಮೀನಿಗೆ ಐಸು ಬೆರೆಸುತ್ತ ನಿಂತ ಹೊತ್ತಿನಲ್ಲಿ ಒಂದು ಆಟ ನಡೆಯುತ್ತಿತ್ತು. ಮಾತಾಡುತ್ತ ಮಾತಾಡುತ್ತ ಪಕ್ಕದವಳ ಪಾದದ ಮೇಲೆ ಮೆಲ್ಲಗೆ ತನ್ನ ಕಾಲಿಡುವುದು. ತುಳಿಸಿಕೊಂಡವಳು ಯಾವಾಗ "ಅಯ್ಯೋ" ಅನ್ನುತ್ತಾಳೆ ಅಂತ ಉಳಿದವರು ಬಾಯಿಗೆ ಸೆರಗು ಮುಚ್ಚಿ ಕಾಯುವುದು. ಕಾಲಡಿಗೆ ಕರಗಿದ ಐಸು, ಉಪ್ಪುನೀರು, ಮೀನಿನ ನೆತ್ತರು. ಅದರಲ್ಲಿ ಗಂಟೆಗಟ್ಟಲೆ ನಿಂತರೆ ಯಾರ ಕಾಲಾದರೂ ಮರಗಟ್ಟಲೇಬೇಕು. ಹಾಗಾಗಿ ಆ ಆಟದಲ್ಲಿ ಯಾರೂ ಬೇಗ ಸೋಲುತ್ತಿರಲಿಲ್ಲ. ಬಾಗಿ ಮಾತ್ರ ಸೋಲುತ್ತಲೇ ಇರಲಿಲ್ಲ.

"ಹ್ವಾಯ್, ಕಾಣಿ ಇಲ್ಲಿ! ಇದ್ರ್ ಕಾಲ್ ಮೇಲೆ ನಾನ್ ಹತ್ತಿ ನಿಂತಿದ್ದೆ, ಇದ್ ಇನ್ನೂ ಮೊಮ್ಮಗಳ್ ಸುದ್ದಿ ಹೇಳ್ತಾ ಇತ್ತ್!" ಅಂತ ಒಂದು ದಿನ ಜಲಜ ಕೂಗಿದಳು. ಜಲಜ ಬಾಗಿಯ ನೆರೆಮನೆಯವಳು, ದಕ್ಕೆಯಲ್ಲೂ ಪಕ್ಕದ ಜಾಗದವಳು, ಬಾಯಿ ಜೋರಿನವಳು.

ಬಾಗಿ ತಲೆ ಬಗ್ಗಿಸಿ ನೋಡಿದಳು. ಜಲಜಳ ಅಗಲ ಪಾದ ತನ್ನ ಪಾದವನ್ನು ಪೂರ್ತಿ ಮುಚ್ಚಿಕೊಂಡು ಕೂತಿದೆ. ಆದರೂ ಸೋಲೊಪ್ಪುವವಳಲ್ಲ.

"ನಿನ್ ಭಾರಕ್ಕೆ ನಂಗೆಂತ ಆತ್? ಒಂದ್ ಬುಟ್ಟಿ ಬಂಗುಡೆಯಷ್ಟೂ ತೂಕ ಇಲ್ಲೆ ನೀನ್."

"ಕಾಲಲ್ಲ ಮಾರಾಯ್ತಿ ನಿಂದ್, ಐಸ್ ಗಡ್ಡೆ!"

ದಕ್ಕೆ ಇಡೀ ನಕ್ಕಿತು. ಬಾಗಿ ಎಲ್ಲರಿಗಿಂತ ಜೋರಾಗಿ ನಕ್ಕಳು.

ಅವಳು ಹುಟ್ಟಿದ್ದು ಹೊಳೆಯ ಆಚೆ ದಡದ ಕೋಡಿಯಲ್ಲಿ. ಚಿಕ್ಕವಳಿದ್ದಾಗ ಅಲ್ಲಿ ನಿಂತು ಗಂಗೊಳ್ಳಿಯ ದೀಪಗಳನ್ನು ನೋಡಿದಳು. ಮದುವೆಯಾಗಿ ಈಚೆ ಬಂದ ಮೇಲೆ ಇಲ್ಲಿ ನಿಂತು ಕೋಡಿಯ ದೀಪಗಳನ್ನು ನೋಡಿದಳು. ಲೆಕ್ಕಕ್ಕೆ ನೋಡಿದರೆ ಅವಳು ಬದುಕಿನಲ್ಲಿ ಸಾಗಿದ ದೂರ ಒಂದು ಹೊಳೆಯ ಅಗಲ, ಅಷ್ಟೇ. ಆದರೆ ಮೀನಿನ ಬುಟ್ಟಿ ಹೊತ್ತು ನಡೆದ ದಾರಿಯನ್ನೆಲ್ಲ ಗಂಟು ಹಾಕಿದರೆ ಮುಂಬೈ ಮುಟ್ಟಿ ವಾಪಸು ಬರುವಷ್ಟಾದೀತು. ಗಂಡ ಪಾಂಡು ಒಂದು ಕಾಲದಲ್ಲಿ ಬೋಟಿನ ಮೇಲೆ ಎತ್ತಿದ ಕೈ. ಬಲೆಯ ಹಗ್ಗ ಭುಜದ ಕೀಲು ತಪ್ಪಿಸಿದ ಮೇಲೆ ಕಡಲು ಬಿಟ್ಟು, ಮನೆಯ ಚಪ್ಪರದಡಿ ಕೂತು ಹರಿದ ಬಲೆ ಹೆಣೆಯುತ್ತಾನೆ. ಬಾಯಿಯ ಕೀಲು ಮಾತ್ರ ಅವನದ್ದು ಎಂದೂ ತಪ್ಪಿದ್ದಿಲ್ಲ. ಒಬ್ಬಳೇ ಮಗಳು ಮೋಕ್ಷಿತಾ. ಅಳಿಯ ರತ್ನಾಗಿರಿಯ ಬೋಟುಗಳಲ್ಲಿ ದುಡಿಯುವುದರಿಂದ ಅವಳು ತನ್ನ ಪುಟ್ಟ ಕೂಸಿನೊಂದಿಗೆ ತಾಯಿಮನೆಯಲ್ಲೇ ಇದ್ದಾಳೆ, ಹೊಲಿಗೆ ಯಂತ್ರ ಇಟ್ಟುಕೊಂಡು ಕೇರಿಯ ಹೆಂಗಸರಿಗೆ ರವಿಕೆ ಹೊಲಿಯುತ್ತಾಳೆ.

ಹೊಲಿಗೆ, ಬಲೆ, ಎರಡೂ ಉಪ್ಪುಗಂಜಿಗೆ ಸಾಲುವಷ್ಟು. ಮನೆ ನಿಂತದ್ದು ಬಾಗಿಯ ಎರಡು ಕಾಲುಗಳ ಮೇಲೆ. ಬೆಳಕು ಹರಿಯುವ ಮೊದಲೇ ದಕ್ಕೆಗೆ ಹೋಗಿ, ಏಲಂನಲ್ಲಿ ಕೂಗಿ ಮೀನು ಹಿಡಿದು, ಐಸು ಹಾಕಿ, ಟೆಂಪೋದಲ್ಲಿ ಹೆಮ್ಮಾಡಿಗೆ ಹೋಗಿ, ಅಲ್ಲಿಂದ ಒಳದಾರಿಗಳಲ್ಲಿ ಮನೆಮನೆಗೆ ನಡೆಯಬೇಕು. ಒಂದು ದಿನ ದಕ್ಕೆಗೆ ಬರದಿದ್ದರೆ ನಿಂತ ಜಾಗಕ್ಕೆ ಬೇರೆಯವಳು ಬಂದು ನಿಲ್ಲುತ್ತಾಳೆ. ಒಂದು ವಾರ ಬರದಿದ್ದರೆ ಆ ಜಾಗ ಅವಳದ್ದೇ ಆಗುತ್ತದೆ. ಮದುವೆಯಾಗಿ ಬಂದ ವರ್ಷ ಅತ್ತೆ ತೋರಿಸಿಕೊಟ್ಟ ಆ ಕಂಬದ ಬುಡದ ಜಾಗವನ್ನು ಬಾಗಿ ಜ್ವರದಲ್ಲೂ ಬಿಟ್ಟವಳಲ್ಲ.

ಆ ಕಾಲುಗಳು ಎರಡು ಮೂರು ವರ್ಷಗಳಿಂದ ಅವಳಿಗೆ ಸುದ್ದಿ ಕಳಿಸುತ್ತಲೇ ಇದ್ದವು. ಮೊದಲು ಬೆರಳ ತುದಿಯಲ್ಲಿ ಇರುವೆ ಹರಿದ ಹಾಗೆ. ಆಮೇಲೆ ಪಾದದಡಿ ಬಟ್ಟೆ ಸುತ್ತಿದ ಹಾಗೆ. ಒಂದೊಂದು ದಿನ ಚಪ್ಪಲಿ ಹಿಂದೆ ಬಿದ್ದದ್ದೇ ಗೊತ್ತಾಗದೆ ಬರಿಗಾಲಲ್ಲಿ ನಾಲ್ಕು ಮನೆ ದಾಟಿರುತ್ತಿದ್ದಳು. ಬೇರೆ ಯಾವ ಊರಿನ ಹೆಂಗಸಾದರೂ ಇದೇನು ಅಂತ ಹೆದರುತ್ತಿದ್ದಳೋ ಏನೋ. ಗಂಗೊಳ್ಳಿಯಲ್ಲಿ ಹೆದರುವುದೆಂತಕ್ಕೆ? ಐಸು ಇದೆಯಲ್ಲ. ದಕ್ಕೆಯಲ್ಲಿ ಮರಗಟ್ಟದ ಕಾಲು ಯಾರದ್ದಿದೆ?

ಬಾಯಾರಿಕೆಗೂ ಒಂದು ಕಾರಣ ಸಿದ್ಧವಾಗಿತ್ತು: ಉಪ್ಪುಗಾಳಿ. ಮೈ ಇಳಿದದ್ದಕ್ಕೆ ದುಡಿತ. ಮೋಕ್ಷಿತಾ ಅಮ್ಮನ ರವಿಕೆಗಳನ್ನು ಮತ್ತೆ ಮತ್ತೆ ಒಳಗೆ ಹಿಡಿದು ಹೊಲಿದಳು. "ಅಮ್ಮ, ನೀನ್ ಈಗ ಮದುಮಗಳ ಅಳತೆಗೆ ಬಂದ್ಯೆ" ಅಂತ ತಮಾಷೆಯನ್ನೂ ಮಾಡಿದಳು. ಇನ್ನೊಂದು ಲಕ್ಷಣ ಹೊರಗೆ ಕಾಣುವ ಹಾಗೇ ಇರಲಿಲ್ಲ. ಇಷ್ಟು ಮೀನು ಇಳಿಯುವ ಬಂದರಿನಲ್ಲಿ ಹೆಂಗಸರು ಹೋಗಿ ಬಾಗಿಲು ಹಾಕಿಕೊಳ್ಳುವಂಥ ಒಂದು ಶೌಚಾಲಯ ಇರಲಿಲ್ಲ. ಇದ್ದದ್ದಕ್ಕೆ ಚಿಲಕ ಇರಲಿಲ್ಲ, ಚಿಲಕ ಹಾಕಿಸಿದಾಗ ನೀರಿರಲಿಲ್ಲ. ಅದಕ್ಕೆ ಅಲ್ಲಿನ ಹೆಂಗಸರು ಬೆಳಿಗ್ಗೆ ನೀರೇ ಕುಡಿಯುವುದಿಲ್ಲ. ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸಿದರೆ ವೈದ್ಯರಿಗೆ ತೋರಿಸಿ ಅಂತ ಗೋಡೆಗಳ ಮೇಲೆ ಬಣ್ಣದಲ್ಲಿ ಬರೆಸುವವರು ಹೋಗಲು ಜಾಗವೇ ಇಲ್ಲದವರನ್ನು ನೆನೆದು ಬರೆಸಿರುವುದಿಲ್ಲ. ಬಾಗಿ ತಡೆದುಕೊಂಡಳು. ತಡೆದುಕೊಳ್ಳುವುದು ಅವಳ ಕಸುಬಿನ ಒಂದು ಭಾಗವೇ ಆಗಿತ್ತು.

ಹೀಗಿರುವಾಗ ಸರ್ವೆ ಬಂತು.

ಕುಂದಾಪುರ, ಬೈಂದೂರು, ಬ್ರಹ್ಮಾವರ, ಈ ಮೂರೂ ತಾಲೂಕುಗಳಲ್ಲಿ ಸಕ್ಕರೆ ಕಾಯಿಲೆ ಇದ್ದೂ ಇದೆ ಅಂತ ಗೊತ್ತಿಲ್ಲದವರು ಎಷ್ಟು ಮಂದಿ ಅಂತ ಅಂದಾಜು ಮಾಡುವ ಸರ್ವೆ. ಕೆಲಸ ಒಳ್ಳೆಯದೇ, ಅದನ್ನು ಹೀಗಳೆಯುವ ಹಾಗಿಲ್ಲ. ಎಲ್ಲರ ನೆತ್ತರು ನೋಡಲು ಆಗುವುದಿಲ್ಲ, ಹಾಗಾಗಿ ಕೆಲವು ಕೇರಿ ಆರಿಸುತ್ತಾರೆ, ಕೇರಿಯಲ್ಲಿ ಕೆಲವು ಮನೆ, ಮನೆಯಲ್ಲಿ ಒಬ್ಬರು. ಆ ಒಬ್ಬರ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ನೋಡುತ್ತಾರೆ. ಆ ಹನಿಗಳಿಂದ ಇಡೀ ಊರಿನ ಲೆಕ್ಕ ಹಿಡಿಯುತ್ತಾರೆ. ಒಂದೊಂದು ಹನಿಯೂ ನೂರಾರು ಜನರ ಪರವಾಗಿ ಸಾಕ್ಷಿ ಹೇಳುತ್ತದೆ ಅಂದ ಹಾಗಾಯಿತು. ಸಾಕ್ಷಿ ಸುಳ್ಳಾದರೆ?

ಹನಿ ಖಾಲಿ ಹೊಟ್ಟೆಯದ್ದಾಗಬೇಕು ಅಂತ ನಿಯಮ. ಅದಕ್ಕೆ ಸರ್ವೆಯವರು ಬೆಳಿಗ್ಗೆ ಬರುತ್ತಾರೆ. ಬೆಳಿಗ್ಗೆ ಮೀನುಗಾರರ ಕೇರಿಯಲ್ಲಿ ಯಾರಿರುತ್ತಾರೆ? ಗಂಡಸರು ಕಡಲಿನಲ್ಲಿ, ಹೆಂಗಸರು ದಕ್ಕೆಯಲ್ಲಿ. ಬಾಗಿಲಿಗೆ ಬೀಗ. ಕೆಲವು ಸಲ ಬಂದು ನೋಡಿ, ಬೀಗ ತೆಗೆಯದಿದ್ದರೆ ಮುಂದಿನ ಮನೆಗೆ ಹೋಗಬಹುದು ಅಂತಲೂ ನಿಯಮವಿದೆ. ಮುಂದಿನ ಮನೆಗೂ ಬೀಗವಿದ್ದರೆ ಅದರ ಮುಂದಿನದು. ಹೀಗೆ ಹೋಗುತ್ತ ಹೋಗುತ್ತ ಕೇರಿ ದಾಟಿ, ಡಾಂಬರು ರಸ್ತೆ ದಾಟಿ, ಕಾಂಪೌಂಡಿನ ಮನೆಯ ನಿವೃತ್ತ ಮೇಷ್ಟ್ರ ಬೆರಳು ಸಿಗುತ್ತದೆ. ವರ್ಷಕ್ಕೆರಡು ಸಲ ತಾನಾಗೇ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವ ಆ ಬೆರಳಿನ ಹನಿ ಮೀನುಗಾರರ ಕೇರಿಯ ಲೆಕ್ಕಕ್ಕೆ ಜಮೆಯಾಗುತ್ತದೆ.

ಬಾಗಿಯ ಮನೆಗೆ ಬೀಗ ಇರಲಿಲ್ಲ, ಮೋಕ್ಷಿತಾ ಇದ್ದಳಲ್ಲ. ಸರ್ವೆಗೆ ಬಂದವಳು ಪ್ರಣೀತಾ, ಬ್ರಹ್ಮಾವರ ಕಡೆಯ ಹುಡುಗಿ, ಗುತ್ತಿಗೆಯ ಮೇಲೆ ಸೇರಿಕೊಂಡವಳು. ಮನೆಯವರ ಹೆಸರುಗಳನ್ನು ಕೈಯಲ್ಲಿದ್ದ ಟ್ಯಾಬಿಗೆ ಹಾಕಿದಾಗ ಅದು ಚೀಟಿ ಎತ್ತಿದಂತೆ ಬಾಗಿಯ ಹೆಸರನ್ನು ಆರಿಸಿತು. ಎಷ್ಟೋ ವರ್ಷಗಳ ನಂತರ ಒಮ್ಮೆಯಾದರೂ ಅದೃಷ್ಟ ಸರಿಯಾದ ಮನೆಯ ಬಾಗಿಲು ತಟ್ಟಿತ್ತು, ಅದೂ ಸರಿಯಾದ ಹೆಸರು ಹಿಡಿದು. ಪ್ರಣೀತಾ ಬಂದಾಗಲೆಲ್ಲ ಬಾಗಿ ದಕ್ಕೆಯಲ್ಲಿರುತ್ತಿದ್ದಳು. ಕೊನೆಗೆ ಒಂದು ದಿನ ಆ ಹುಡುಗಿ ನಸುಕಿನಲ್ಲೇ ಸ್ಕೂಟಿ ಬಿಟ್ಟುಕೊಂಡು ಬಂದು, ಬುಟ್ಟಿ ಎತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದವಳನ್ನು ಅಡ್ಡಗಟ್ಟಿದಳು.

"ಬಾಗಕ್ಕ, ಒಂದ್ ಗಳಿಗೆ. ಬೆರಳ್ ಕೊಡಿ, ಅಷ್ಟೇ. ಹೊಟ್ಟೆ ಖಾಲಿ ಇತ್ತಲ್ದಾ?"

"ಖಾಲಿ ಎಂತಕೆ ಇರತ್ತೆ? ಚಾ ಕುಡ್ದಾಯ್ತ್."

ಪ್ರಣೀತಾಳ ಮುಖ ಬಾಡಿತು. "ಚಾ ಕುಡ್ದ್ರೆ ಆತಿಲ್ಲೆ ಬಾಗಕ್ಕ. ನಾಳೆ ಎಂತದೂ ಕುಡೀದೆ ಇರ್ತ್ರ್ಯಾ? ನಾನ್ ಮತ್ತೆ ಬತ್ತೆ."

"ಚಾ ಕುಡೀದೆ ದಕ್ಕೆಗ್ ಹೋಪ್ಕ್ ಆತ್ತಾ? ನೀನ್ ಒಂದ್ ದಿನ ಬಂದ್ ಐಸಲ್ಲಿ ನಿಂತ್ ಕಾಣ್." ಬಾಗಿಗೆ ಸಿಟ್ಟೇನೂ ಇರಲಿಲ್ಲ, ಅವಸರವಿತ್ತು. ಬಹಳ ದಿನ ಖಾಲಿ ಬಂದ ಬೋಟುಗಳು ಅಂದು ಮೀನು ತುಂಬಿಕೊಂಡು ಬರುತ್ತಿವೆ ಅಂತ ಜಲಜ ಆಗಲೇ ಕೂಗು ಹಾಕಿ ಹೋಗಿದ್ದಳು.

ಚಾ ಕುಡಿದವರ ನೆತ್ತರನ್ನೂ ನೋಡಿ ತಿಳಿಯುವ ದಾರಿ ವೈದ್ಯರಲ್ಲಿ ಇಲ್ಲದೆ ಇಲ್ಲ. ಆದರೆ ಈ ಸರ್ವೆಯ ಕ್ರಮದಲ್ಲಿ ಅದಿರಲಿಲ್ಲ. ಕ್ರಮ ಬರೆದವರು ಬೆಳಿಗ್ಗೆ ಎದ್ದು, ಹಲ್ಲುಜ್ಜಿ, ಸೂಜಿಯವರು ಬರುವ ತನಕ ಪೇಪರು ಓದುತ್ತ ಕೂರುವ ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದರು.

ಬಾಗಿ ಹುಡುಗಿಯ ಬಾಡಿದ ಮುಖ ನೋಡಿದಳು. ಪಾಪ ಅನಿಸಿತು. ಪಾಪ ಅನಿಸಿದ್ದೇ ತಪ್ಪಾಯಿತೇನೋ. ಒಳಗೆ ತಿರುಗಿ ಕೂಗಿದಳು: "ಮೋಕ್ಷಿ, ನೀನ್ ಎಂತಾದ್ರೂ ತಿಂದ್ಯಾ?"

"ಇಲ್ಲೆ, ಈಗ ಎದ್ದದ್."

"ಹಾಂಗಾರೆ ನೀನ್ ಬೆರಳ್ ಕೊಡ್ ಇವ್ಳಿಗೆ."

"ಆತಿಲ್ಲೆ ಬಾಗಕ್ಕ," ಅಂದಳು ಪ್ರಣೀತಾ. "ನಿಮ್ ಹೆಸ್ರ್ ಬಂದದ್. ನಿಮ್ದೇ ಬೇಕ್."

"ರೇಷನ್ ಅಂಗಡಿಯಂಗೆ ಯಾರ್ ಬೆರಳ್ ಒತ್ತುದ್? ಒಂದ್ ತಿಂಗ್ಳ್ ನಾನ್, ಒಂದ್ ತಿಂಗ್ಳ್ ಇವ್ಳ್. ಅಕ್ಕಿ ಬತ್ತಿಲ್ಯಾ? ಮನೆ ಲೆಕ್ಕಕ್ಕೆ ಒಂದ್ ಬೆರಳ್, ಯಾರ್ದಾರೆ ಎಂತ?"

"ಇದ್ ಅಕ್ಕಿ ಅಲ್ಲ ಬಾಗಕ್ಕ, ರಕ್ತ..."

"ರಕ್ತವೇ ಆಯ್ಲಿ! ಇವ್ಳ್ ಯಾರ್? ನನ್ ಮಗಳ್. ನನ್ ಬಳಿ, ಇವ್ಳ್ ಬಳಿ ಒಂದೇ. ಗಂಡಂದ್ ಕೊಟ್ರೆ ಬೇರೆ ರಕ್ತ ಅನ್. ಮಗಳ್ ರಕ್ತ ತಾಯಿ ರಕ್ತ ಅಲ್ದೆ ಮತ್ತೆಂತ?"

ಚಪ್ಪರದಡಿಯಿಂದ ಪಾಂಡು ಒಗ್ಗರಣೆ ಹಾಕಿದ: "ನಮ್ದ್ ಬ್ಯಾಡ ಮಾರಾಯ್ತಿ, ನಾವ್ ಈ ಮನೇಲಿ ಬಾಡಿಗೆಗಿಪ್ಪರ್."

ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಇಳಿದು ಬರುವುದು ಅವರ ಬಳಿ, ಅಂದರೆ ಅವರ ಕುಲ. ಮಕ್ಕಳು ಯಾರವರು ಅಂತ ಕೇಳಿದರೆ ತಾಯಿಯ ಬಳಿ ಹೇಳುತ್ತಾರೆ. ದೈವದ ಎದುರು, ಮದುವೆಯ ಮಾತಿನಲ್ಲಿ, ಸಾವಿನ ಸೂತಕದಲ್ಲಿ, ಎಲ್ಲ ಕಡೆ ಮಗಳು ತಾಯಿಯ ಪರವಾಗಿ ನಿಲ್ಲುತ್ತಾಳೆ. ಬಾಗಿ ಸುಳ್ಳು ಹೇಳಲಿಲ್ಲ, ವಂಚನೆಯನ್ನೂ ಮಾಡಲಿಲ್ಲ. ತಾನು ಹುಟ್ಟಿ ಬೆಳೆದ ಲೆಕ್ಕದ ಪ್ರಕಾರ ಅವಳು ತನ್ನದೇ ನೆತ್ತರು ಕೊಡಿಸಿದ್ದಳು.

ಪ್ರಣೀತಾ ಓದಿದವಳು, ಅವಳಿಗೆ ತಪ್ಪು ಅಂತ ಗೊತ್ತಿತ್ತು. ಆದರೆ ಬಾಕಿ ಮನೆ ಜಾಸ್ತಿಯಾಯಿತು ಅಂತ ಮೇಲಿನವರ ಫೋನು ದಿನಾ ಬರುತ್ತಿತ್ತು. ಈ ಕೇರಿಯಲ್ಲಿ ತೆರೆದ ಬಾಗಿಲು ಸಿಗುವುದೇ ಕಷ್ಟ. ಸಿಕ್ಕ ಬಾಗಿಲಿನಲ್ಲಿ ಒಂದು ಬೆರಳು ತಾನಾಗಿ ಎದುರು ಬಂದು ನಿಂತಿದೆ. ಅವಳು ಒಮ್ಮೆ ಬೀದಿ ನೋಡಿದಳು, ಒಮ್ಮೆ ಟ್ಯಾಬು ನೋಡಿದಳು, ಮೋಕ್ಷಿತಾಳ ಬೆರಳು ಹಿಡಿದಳು. ಅಷ್ಟು ಹೊತ್ತಿಗೆ ಬಾಗಿ ಓಣಿಯ ತಿರುವು ದಾಟಿಯಾಗಿತ್ತು.

ಮಧ್ಯಾಹ್ನ ಮನೆಗೆ ಬಂದವಳು ಬುಟ್ಟಿ ಇಳಿಸುತ್ತ ಕೇಳಿದಳು, "ಎಂತ ಅಂದ್ರ್?"

"ನಾರ್ಮಲ್ ಅಂದ್ರ್. ಶುಗರ್ ಇಲ್ಲೆ," ಅಂದಳು ಮೋಕ್ಷಿತಾ.

"ಕಂಡ್ಯಾ! ನಮ್ ಬಳಿಗೇ ಇಲ್ಲೆ ಅದ್." ಮರುದಿನ ದಕ್ಕೆಯಲ್ಲೂ ಹೇಳಿಕೊಂಡಳು. ಜಲಜ ಹೊಟ್ಟೆಕಿಚ್ಚು ಪಟ್ಟವಳಂತೆ ಬಾಯಿ ಸೊಟ್ಟ ಮಾಡಿ, "ನಮ್ ಮನೆಗ್ ಬರ್ಲೇ ಇಲ್ಲೆ ಕಾಣ್, ಬೀಗ ಕಂಡ್ ತಿರ್ಗಿ ಹೋಯ್ರ್," ಅಂದಳು.

ಕೆಲವು ತಿಂಗಳಿಗೆ ಕುಂದಾಪುರದ ಒಂದು ತಣ್ಣನೆಯ ಸಭಾಂಗಣದಲ್ಲಿ ಸಭೆ ಸೇರಿತು. ಬಿಳಿ ಪರದೆಯ ಮೇಲೆ ಮೂರು ತಾಲೂಕುಗಳ ನಕ್ಷೆ, ಬಣ್ಣ ಬಣ್ಣದ ಕಂಬಗಳು. ಗೊತ್ತಿಲ್ಲದೆ ಕಾಯಿಲೆ ಹೊತ್ತವರ ಕಂಬ ಮೀನುಗಾರರ ಕೇರಿಗಳಲ್ಲಿ ಎಲ್ಲಕ್ಕಿಂತ ಗಿಡ್ಡ. ಪರದೆಯ ಮುಂದೆ ನಿಂತವರು ಅದಕ್ಕೊಂದು ಚಂದದ ಕಾರಣವನ್ನೂ ಕೊಟ್ಟರು: ಮೀನು ತಿನ್ನುವ ಜನ, ಮೈಬಗ್ಗಿಸಿ ದುಡಿಯುವ ಜನ, ದಿನವಿಡೀ ನಡೆಯುವ ಜನ. ಚಪ್ಪಾಳೆ ಬಿತ್ತು. ಮನೆಯಲ್ಲಿದ್ದವರನ್ನು ಮಾತ್ರ ಎಣಿಸಿ, ದುಡಿಯಲು ಹೋದವರ ಆರೋಗ್ಯವನ್ನು ಹೊಗಳಿದ ಆ ಚಪ್ಪಾಳೆಯಲ್ಲಿ ಬಾಗಿಯ ಹೆಸರಿನ ಒಂದು ಹನಿಯ ಸದ್ದೂ ಸೇರಿತ್ತು. ಆ ಗಿಡ್ಡ ಕಂಬ ನೋಡಿ ಮೇಲಿನವರು ತಪಾಸಣೆಯ ಗಾಡಿಯನ್ನು ಬೇರೆ ಕಡೆಗೆ ತಿರುಗಿಸಿದರು. ಕಾಯಿಲೆ ಇಲ್ಲದ ಕೇರಿಗೆ ಗಾಡಿ ಎಂತಕ್ಕೆ?

ಆ ಮಳೆಗಾಲ ಕಳೆದು ಬೋಟುಗಳು ಮತ್ತೆ ಕಡಲಿಗಿಳಿದ ದಿನಗಳು. ಒಂದು ಬೆಳಿಗ್ಗೆ ದಕ್ಕೆಯಲ್ಲಿ ರಾಶಿಯಿಂದ ಜಾರಿ ಬಿದ್ದ ಶಾಡೆ ಮೀನಿನ ಮುಳ್ಳು ಬಾಗಿಯ ಬಲಗಾಲಿನ ಬೆರಳ ಸಂದಿಗೆ ಹೊಕ್ಕಿತು. ಆ ಮುಳ್ಳು ಚುಚ್ಚಿದರೆ ಗಟ್ಟಿ ಗಂಡಸರೂ ಅಳುತ್ತಾರೆ. ಬಾಗಿ ಅದೇ ಕಾಲಲ್ಲಿ ಹೆಮ್ಮಾಡಿಯ ಮನೆಗಳನ್ನೆಲ್ಲ ಸುತ್ತಿ ಬಂದಳು.

ಮನೆಯ ಮೆಟ್ಟಿಲಿನಿಂದ ಅಡುಗೆಮನೆಯ ತನಕ ಕೆಂಪು ಹೆಜ್ಜೆ ಮೂಡಿತ್ತು. ಮೋಕ್ಷಿತಾ ಗೊಣಗುತ್ತ ಒರೆಸಿದಳು: "ಕಾಲ್ ತೊಳ್ಕಂಡ್ ಬಪ್ಕೆ ಎಂತ ಅಮ್ಮ ನಿಂಗೆ, ಮೀನಿನ ನೆತ್ರ್ ಎಲ್ಲ ಒಳಗ್ ತಂದ್ಯಲ್ಲ." ಮೀನಿನ ಮನೆಯಲ್ಲಿ ನೆಲಕ್ಕೆ ನೆತ್ತರು ದಿನದ ಮಾತು. ಅಂದಿನದ್ದು ಮೀನಿನದ್ದಲ್ಲ, ಅಮ್ಮನದ್ದು ಅಂತ ಅವಳಿಗೆ ಹೊಳೆಯಲಿಲ್ಲ. ತೊಳೆಯದೆ ಬಂದವಳಿಗೂ ಹೊಳೆಯಲಿಲ್ಲ.

ಗಾಯ ಕಂಡದ್ದು ಕೆಲವು ದಿನಗಳ ನಂತರ, ಬೆರಳು ಊದಿ ಚಪ್ಪಲಿಯೊಳಗೆ ಹೋಗದಾದಾಗ. ನೋವಿರಲಿಲ್ಲ. ನೋವಿಲ್ಲದ ಗಾಯಕ್ಕೆ ಕೆಲಸ ಬಿಡುವವರುಂಟೇ? ಅರಿಸಿನ ಮೆತ್ತಿ ಬಟ್ಟೆ ಸುತ್ತಿ ಹೋದಳು. ಸುತ್ತಿದ ಬಟ್ಟೆ ಐಸುನೀರಿನಲ್ಲಿ ದಿನಾ ನೆನೆಯಿತು. ಜಲಜ ಬೈದು ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅಲ್ಲಿ ಕೂತವರು ಕಾಲು ನೋಡಿ ಮೊದಲು ಕೇಳಿದ್ದೇ ಸರಿಯಾದ ಪ್ರಶ್ನೆ: "ಶುಗರ್ ಇದೆಯಾ?"

"ಇಲ್ಲೆ," ಅಂದಳು ಬಾಗಿ, ಹೆಮ್ಮೆಯಿಂದಲೇ. "ಸರ್ವೆಯರ್ ಮನೆಗ್ ಬಂದ್ ಕಂಡ್ ಹೋಯ್ರ್. ನಾರ್ಮಲ್."

ಹೊರಗೆ ಸಾಲು ಉದ್ದವಿತ್ತು. ಸರ್ವೆಯವರು ನೋಡಿದ್ದರೆ ಮತ್ತೆ ನೋಡುವುದೆಂತಕ್ಕೆ? ಇಂಜೆಕ್ಷನ್ನು, ಮಾತ್ರೆ, ಮುಲಾಮು ಸಿಕ್ಕಿತು. ಅದೇ ಹೊತ್ತಿಗೆ ಒಂದು ಹನಿ ನೋಡಿದ್ದರೆ ಕಾಲು ಉಳಿಯುತ್ತಿತ್ತೇ ಇಲ್ಲವೇ ಅಂತ ಯಾರು ಹೇಳಬಲ್ಲರು? ಕಾಲವಂತೂ ಉಳಿಯುತ್ತಿತ್ತು.

ಆಮೇಲೆ ವಾಸನೆ ಶುರುವಾಯಿತು. ಮೀನಿನ ಬುಟ್ಟಿ, ಬಲೆ, ಒಣಮೀನು ಇರುವ ಮನೆಯಲ್ಲಿ ವಾಸನೆಯನ್ನು ಯಾರು ಹುಡುಕುತ್ತಾರೆ? ಮೋಕ್ಷಿತಾ ಬುಟ್ಟಿ ಉಜ್ಜಿದಳು, ಅಂಗಳಕ್ಕೆ ಸುಣ್ಣ ಚೆಲ್ಲಿದಳು. ಒಂದು ಸಂಜೆ ಪಾಂಡು ಬಲೆಯ ಸೂಜಿ ಕೆಳಗಿಟ್ಟು, ಹೆಂಡತಿಯ ಪಕ್ಕ ಬಂದು ಕೂತ. ಅವನ ಬಾಯಲ್ಲಿ ಅಂದು ತಮಾಷೆ ಇರಲಿಲ್ಲ.

"ಬಾಗಿ, ಇದ್ ಮೀನ್ ಕೊಳ್ತ ವಾಸ್ನೆ ಅಲ್ಲ."

"ಮತ್ತೆಂತ?"

"ಕಾಲ್ ಬಿಚ್ಚ್."

ಬಟ್ಟೆ ಬಿಚ್ಚಿದಾಗ ಎರಡು ಬೆರಳು ಕಪ್ಪಗಾಗಿ, ಆ ಕಪ್ಪು ಪಾದದ ಮೇಲಕ್ಕೆ ಏರುತ್ತಿತ್ತು. ಪಾಂಡು ಮುಖ ತಿರುಗಿಸಿಕೊಂಡ. ಬಾಗಿ ಮಾತ್ರ ಬೇರೆ ಯಾರದ್ದೋ ಕಾಲನ್ನು ನೋಡುವ ಹಾಗೆ ನೋಡುತ್ತಲೇ ಇದ್ದಳು. "ನೋವೇ ಇಲ್ಲೆ ಕಾಣಿ," ಅಂದಳು.

ದೊಡ್ಡ ಆಸ್ಪತ್ರೆಯಲ್ಲಿ ಮೊದಲು ಬೆರಳಿಗೇ ಸೂಜಿ ಚುಚ್ಚಿದರು. ಅದು ಬಾಗಿಯ ಬೆರಳು ಮೊದಲ ಸಲ ತನ್ನ ಪರವಾಗಿ ತಾನೇ ಹೇಳಿದ ಸಾಕ್ಷಿ. ಸಕ್ಕರೆ ನಾನೂರು ದಾಟಿತ್ತು. ಎಷ್ಟು ವರ್ಷಗಳಿಂದ ಇದೆ ಅಂತ ಕೇಳಿದರು ಡಾಕ್ಟರು. ಎಳೆಯ ವಯಸ್ಸಿನವರು, ಈ ಊರ ಕಡೆಯವರಲ್ಲ.

"ಇಲ್ಲವೇ ಇಲ್ಲೆ ಅಂತ ಹೇಳಿದ್ರ್," ಅಂದಳು ಮೋಕ್ಷಿತಾ. "ಸರ್ವೆಯರ್ ಕಂಡಿದ್ರ್."

"ಯಾರ ರಕ್ತ ನೋಡಿದ್ದು?"

ಮೋಕ್ಷಿತಾ ತನ್ನ ಬೆರಳುಗಳನ್ನು ಅಂಗೈಯೊಳಗೆ ಮಡಚಿಕೊಂಡಳು. ಮಂಚದ ಮೇಲಿಂದ ಬಾಗಿಯೇ ಉತ್ತರ ಕೊಟ್ಟಳು.

"ಇವ್ಳ್‌ದ್. ನನ್ ಮಗಳ್ ಇವ್ಳ್. ಇವ್ಳ್ ರಕ್ತ ನನ್ ರಕ್ತ ಅಲ್ದಾ ಡಾಕ್ಟ್ರೇ?"

ಆ ಎಳೆಯ ಡಾಕ್ಟರು ಸಿಟ್ಟು ಮಾಡಲಿಲ್ಲ, ನಗಲಿಲ್ಲ. "ಇದಕ್ಕೆ ಅಲ್ಲಮ್ಮ," ಅಂದರು.

ಮೊಣಕಾಲಿನ ಕೆಳಗೆ ಕತ್ತರಿಸಿದರು. ಉಳಿದದ್ದನ್ನು ಉಳಿಸಿಕೊಳ್ಳಲು ಅದೊಂದೇ ದಾರಿ ಅಂದರು. ಮನೆಗೆ ಬಂದ ದಿನ ಮೋಕ್ಷಿತಾ ಅಮ್ಮನ ತಲೆ ಬಾಚುತ್ತ ಬಾಚುತ್ತ ಬಾಚಣಿಗೆ ನಿಲ್ಲಿಸಿದಳು. "ನಾನ್ ಬೆರಳ್ ಕೊಡ್‌ಬಾರ್ದಿತ್ತ್ ಅಮ್ಮ."

"ಕೊಡ್ ಅಂದದ್ ನಾನಲ್ದಾ."

"ನಂಗೆ ಗೊತ್ತಾಗ್ಬೇಕಿತ್ತ್. ನಿನ್ ರವಿಕೆ ಅಷ್ಟ್ ಸರ್ತಿ ಹಿಡ್ದ್ ಹೊಲ್ದವ್ಳ್ ನಾನ್."

ಬಾಗಿ ಮಗಳ ಕೈಯನ್ನು ತಲೆಯ ಮೇಲಿಂದ ಎಳೆದುಕೊಂಡು, ಸೂಜಿ ಚುಚ್ಚಿಸಿಕೊಂಡಿದ್ದ ಆ ಬೆರಳನ್ನು ಹುಡುಕುವವಳಂತೆ ಒಂದೊಂದೇ ಬೆರಳು ಒತ್ತಿ ನೋಡಿದಳು. ಯಾವ ಬೆರಳು ಅಂತ ಇಬ್ಬರಿಗೂ ನೆನಪಿರಲಿಲ್ಲ.

ಕಂಬದ ಬುಡದ ಜಾಗಕ್ಕೆ ಬೇರೆಯವಳು ಬಂದು ನಿಂತಳು. ಬಾಗಿ ದಕ್ಕೆಯ ಸುದ್ದಿ ಕೇಳುವುದು ಬಿಟ್ಟಳು. ಆದರೂ ನಸುಕಿನಲ್ಲಿ ಬೋಟುಗಳ ಸದ್ದಿಗೆ ಎಚ್ಚರಾಗಿ, ಇಲ್ಲದ ಪಾದದಲ್ಲಿ ಚಳಿಯಾಗುತ್ತದೆ ಅನ್ನುತ್ತಿದ್ದಳು. ಇದ್ದಾಗ ಗೊತ್ತಾಗದ ಚಳಿ ಹೋದ ಮೇಲೆ ಗೊತ್ತಾಗತೊಡಗಿತ್ತು. ಪಾಂಡು ಎದ್ದು, ಖಾಲಿ ಜಾಗದ ಮೇಲೆ ಕಂಬಳಿ ಹೊದಿಸುತ್ತಿದ್ದ.

ವರ್ಷ ತಿರುಗಿತು. ಸರ್ವೆಯ ಎರಡನೇ ಸುತ್ತು ಬಂತು. ಹೋದ ವರ್ಷ ಕಾಯಿಲೆ ಇಲ್ಲ ಅಂತ ಬಂದವರನ್ನು ಮತ್ತೆ ನೋಡಿ, ಹೊಸದಾಗಿ ಎಷ್ಟು ಮಂದಿಗೆ ಬಂತು, ಗೊತ್ತಿಲ್ಲದವರು ಈಗೆಷ್ಟು ಅಂತ ಲೆಕ್ಕ ಹಿಡಿಯುವ ಸುತ್ತು. ಪ್ರಣೀತಾ ಸ್ಕೂಟಿ ನಿಲ್ಲಿಸಿ ಅಂಗಳಕ್ಕೆ ಬಂದಳು. ಜಗಲಿಯಲ್ಲಿ ವಾಕರ್ ಹಿಡಿದು ಕೂತವಳನ್ನು ಕಂಡು ಅಲ್ಲೇ ನಿಂತುಬಿಟ್ಟಳು.

"ಬಾ ಹೆಣೆ," ಅಂದಳು ಬಾಗಿ. "ಈ ಸರ್ತಿ ಮನೇಲೇ ಇದ್ದೆ ಕಾಣ್. ಚಾ ಸಹ ಕುಡೀಲಿಲ್ಲೆ."

ಪ್ರಣೀತಾ ಜಗಲಿಯ ಅಂಚಿಗೆ ಕೂತಳು. ಟ್ಯಾಬು ತೆರೆಯಲಿಲ್ಲ. "ನಿಮ್ ಹೆಸ್ರಲ್ಲಿ ನಾರ್ಮಲ್ ಅಂತ ಬರ್ದವ್ಳ್ ನಾನ್," ಅಂದಳು.

"ಈಗೆಂತ ಬರೀತೆ?"

"ಈಗ... ಕಾಯ್ಲೆ ಇತ್ತ್ ಅಂತ ಮೊದ್ಲೇ ಗೊತ್ತಿಪ್ಪರ್ ಅಂತ."

"ಗೊತ್ತಿಲ್ದೆ ಇಪ್ಪರ್ ಲೆಕ್ಕದಾಗೆ?"

"ಅದ್ರಲ್ಲಿ ನೀವ್ ಬಪ್ಪುದಿಲ್ಲೆ ಬಾಗಕ್ಕ. ನಿಮ್ಗೆ ಗೊತ್ತಾಯ್ತಲ್ಲ."

ಬಾಗಿ ಅದನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಿದಳು. ಕಾಲು ಮರಗಟ್ಟಿದ ವರ್ಷಗಳು, ಇಳಿದ ಮೈ, ಕುಡಿಯದೆ ತಡೆದ ನೀರು. ಹೋದ ವರ್ಷದ ಲೆಕ್ಕದಲ್ಲಿ ಅವಳಿಗೆ ಕಾಯಿಲೆಯೇ ಇಲ್ಲ. ಈ ವರ್ಷದ ಲೆಕ್ಕದಲ್ಲಿ ಅವಳಿಗೆ ಎಲ್ಲ ಗೊತ್ತಿದೆ.

"ಹಾಂಗಾರೆ ನಂಗೆ ಗೊತ್ತಿಲ್ದೆ ಇದ್ದದ್ ಯಾವಾಗ್ಳ್?" ಅಂತ ಕೇಳಿದಳು.

ಆ ಪ್ರಶ್ನೆಗೆ ಟ್ಯಾಬಿನಲ್ಲಿ ಜಾಗವೇ ಇರಲಿಲ್ಲ.

ಅಷ್ಟರಲ್ಲಿ ದಕ್ಕೆ ಮುಗಿಸಿದ ಜಲಜ, ಬಾಳೆಲೆಯಲ್ಲಿ ನಾಲ್ಕು ಬಂಗುಡೆ ಸುತ್ತಿಕೊಂಡು ಬಂದಳು. ಒದ್ದೆ ಕಾಲಲ್ಲೇ ಜಗಲಿ ಹತ್ತಿ ಬಾಗಿಯ ಎದುರು ನಿಂತು ಸುದ್ದಿ ಶುರುಮಾಡಿದಳು. ಯಾವ ಬೋಟಿಗೆ ಎಷ್ಟು ಮೀನು, ಏಲಂನಲ್ಲಿ ಯಾರು ಯಾರಿಗೆ ಬೈದರು, ಬಾಗಿಯ ಜಾಗಕ್ಕೆ ಬಂದವಳ ಬಿಂಕ ಎಷ್ಟು. ಬಾಗಿ ಏಳಲು ಹೋಗಿ ವಾಕರನ್ನು ಮುಂದಿಟ್ಟಳು. ಅದರ ರಬ್ಬರು ಕಾಲು ಜಲಜಳ ಹೆಬ್ಬೆರಳ ಮೇಲೆ ಕೂತಿತು.

ಜಲಜ ಮಾತಾಡುತ್ತಲೇ ಇದ್ದಳು.

ಬಾಗಿ ಕೆಳಗೆ ನೋಡಿದಳು. ಮೆಲ್ಲಗೆ ಭಾರ ಬಿಟ್ಟಳು. ಜಲಜಳ ಸುದ್ದಿ ಏಲಂನಿಂದ ಮಗ ಸುಜಿತನ ಮದುವೆಯ ಮಾತಿಗೆ ಹೋಯಿತು. ಬಾಗಿ ತನ್ನ ಮೈಯ ಭಾರವನ್ನೆಲ್ಲ ವಾಕರಿನ ಹಿಡಿಗಳ ಮೇಲೆ ಹಾಕಿದಳು. ಜಲಜಳ ರವಿಕೆಯ ತೋಳು ಸಡಿಲವಾಗಿ ಜೋಲುತ್ತಿರುವುದೂ ಆಗಲೇ ಕಣ್ಣಿಗೆ ಬಿತ್ತು. ಪ್ರಣೀತಾ ನೋಡುತ್ತಿದ್ದಳು. ಒಳಬಾಗಿಲಲ್ಲಿ ಮೋಕ್ಷಿತಾ ನೋಡುತ್ತಿದ್ದಳು.

"ಜಲಜ," ಅಂದಳು ಬಾಗಿ.

"ಎಂತ?" ಎಲ್ಲರ ಕಣ್ಣು ಹೋದ ಕಡೆ ಜಲಜ ತಾನೂ ನೋಡಿದಳು. ನೋಡಿ ನಕ್ಕಳು. "ಅಯ್ಯ ನಿನ್! ಇನ್ನೂ ಆ ಆಟ ಬಿಡ್ಲಿಲ್ಯಾ? ಐಸ್ ಮಾರಾಯ್ತಿ, ಐಸ್. ಈಗಷ್ಟೇ ಬಂದದ್ದಲ್ದಾ."

ಬಾಗಿ ಅವಳ ಮಣಿಕಟ್ಟು ಹಿಡಿದುಕೊಂಡಳು. "ಹ್ವಾಯ್ ಹೆಣೆ," ಅಂತ ಪ್ರಣೀತಾಳನ್ನು ಕರೆದಳು, "ನಿನ್ ಸೂಜಿ ತೆಗಿ."

"ಅವ್ರ್ ಹೆಸ್ರ್ ನನ್ ಲೆಕ್ಕದಾಗೆ ಇಲ್ಲೆ ಬಾಗಕ್ಕ. ಚಾ ಸಹ ಕುಡ್ದಿರ್ತ್ರ್..."

"ನಿನ್ ಲೆಕ್ಕ ನೀನೇ ಇಟ್ಕೊ. ಸೂಜಿ ತೆಗಿ."

"ನಂದ್ ಎಂತಕೆ?" ಜಲಜ ಕೈ ಎಳೆದುಕೊಳ್ಳುತ್ತ ಅಂದಳು. "ಬೇಕಾರೆ ಸುಜಿತ ಮನೇಲಿದ್ದ, ಅವ್ನ್ ಕೊಡ್ತ..."

"ನಿಂದ್," ಅಂದಳು ಬಾಗಿ. "ನಿಂದೇ ಕೊಡ್."

ಜಲಜ ನಗುತ್ತಲೇ ಇನ್ನೊಮ್ಮೆ ಕೈ ಎಳೆದಳು. ಬಾಗಿ ಬಿಡಲಿಲ್ಲ. ಆ ಹಿಡಿತದಲ್ಲಿ ಏನಿತ್ತೋ, ಜಲಜಳ ನಗು ನಿಧಾನಕ್ಕೆ ನಿಂತಿತು.